ಗಡಿಯಾಚೆಯ ಧರ್ಮಕೇಂದ್ರಗಳೊಡನೆ ಸಹಭಾಗಿತ್ವ: ಮಂಡ್ಯ ಸೀಮೆ ಕಲಿಸುವ ಪಾಠ

ಒಂದು ದೇಶದ ಧರ್ಮಕೇಂದ್ರವು ಮತ್ತೊಂದು ದೇಶದ ಧರ್ಮಕೇಂದ್ರದೊಡನೆ ಪ್ರಾರ್ಥನೆ, ಪತ್ರವ್ಯವಹಾರ, ಪರಸ್ಪರ ಭೇಟಿ ಹಾಗೂ ಸೇವಾಕಾರ್ಯಗಳ ಮೂಲಕ ಬಹುಕಾಲ ಬಾಳುವ ಬಾಂಧವ್ಯ ಕಟ್ಟಿಕೊಳ್ಳುವುದನ್ನು ಧರ್ಮಕೇಂದ್ರಗಳ ಸಹಭಾಗಿತ್ವ ಎನ್ನುತ್ತೇವೆ. ನಮ್ಮ ಗುರುಗಳು ಉನ್ನತ ವ್ಯಾಸಂಗಕ್ಕೆ ರೋಮಿಗೆ ಹೋದಾಗ, ಜರ್ಮನಿಯಲ್ಲೋ ಇಟಲಿಯಲ್ಲೋ ಕೆಲಕಾಲ ಸೇವೆ ಸಲ್ಲಿಸಿದಾಗ, ನಮ್ಮ ಕುಟುಂಬಗಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವಾಗ ಇದರ ಬೀಜ ಬೀಳುತ್ತದೆ. ಅಲ್ಲಿನವರು ಪ್ರೀತಿಯಿಂದ ಕೇಳುವ ಮೊದಲ ಪ್ರಶ್ನೆ, "ನಿಮ್ಮ ಊರಿಗೆ ನಾವೇನು ಕೊಡಬಹುದು?" ಎಂಬುದು. ಈ ಪ್ರಶ್ನೆಗೆ ಆತುರದಲ್ಲಿ ಕೊಡುವ ಉತ್ತರವೇ ಮುಂದಿನ ಅನೇಕ ತೊಡಕುಗಳಿಗೆ ಮೂಲ.

ಕರಾವಳಿಯ ನಮಗೆ ಹೊರದೇಶದ ನಂಟು ಹೊಸದಲ್ಲ. ಒಳನಾಡಿನ ಮಂಡ್ಯ, ಮದ್ದೂರು, ಮಳವಳ್ಳಿಯಂಥ ಕಡೆಗಳಲ್ಲಿ ಪರಿಸ್ಥಿತಿ ಬೇರೆ. ಮಂಡ್ಯ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ ಒಂದಕ್ಕಿಂತಲೂ ಕಡಿಮೆ. ಕಬ್ಬು, ಭತ್ತ, ರೇಷ್ಮೆ ನಂಬಿದ ಊರುಗಳ ನಡುವೆ ಇರುವ ಸಣ್ಣ ಸಮುದಾಯಗಳಿಗೆ ದೂರದ ಸಹೋದರರ ಆಸರೆ ದೊಡ್ಡ ಬಲವೂ ಆಗಬಲ್ಲದು, ಕಾಲಿಗೆ ಕಟ್ಟಿದ ಕಲ್ಲೂ ಆಗಬಲ್ಲದು. ಎರಡಕ್ಕೂ ಈ ಸೀಮೆಯ ಇತಿಹಾಸದಲ್ಲಿ ಸಾಕ್ಷಿಯಿದೆ.

ಯಾರೊಡನೆ ಯಾರ ಸಂಬಂಧ?

"ಮಂಡ್ಯದ ಚರ್ಚ್" ಎಂದು ವಿದೇಶದಿಂದ ಪತ್ರ ಬರೆಯುವವರಿಗೆ ಮೊದಲು ತಿಳಿಸಬೇಕಾದ್ದು, ಇಲ್ಲಿ ಒಂದಕ್ಕಿಂತ ಹೆಚ್ಚು ಧರ್ಮಸಭೆಗಳಿವೆ ಎಂಬುದನ್ನು. ಲತೀನ್ ವಿಧಿಯ ಕಥೋಲಿಕರಿಗೆ ಮಂಡ್ಯ ಜಿಲ್ಲೆಯು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಸಿರೋ-ಮಲಬಾರ್ ವಿಧಿಯವರಿಗಾಗಿ 2010ರ ಜನವರಿಯಲ್ಲಿ ಮಾನಂದವಾಡಿ ಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಮಂಡ್ಯದ ಹೆಸರಿನಲ್ಲೇ ಹೊಸ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಶನರಿಗಳು ದುಡಿದ ಪರಂಪರೆಯೂ ಇದೆ. 1906ರಲ್ಲಿ ಮೈಸೂರಿನಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಆ ಪರಂಪರೆಯದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ದಕ್ಷಿಣದ ಆ ಮೆಥಡಿಸ್ಟ್ ಸಭೆಗಳು ಅದರಲ್ಲಿ ಒಂದಾದವು.

ಆದುದರಿಂದ ಯಾವ ಧರ್ಮಾಧ್ಯಕ್ಷರ ಅಧೀನದಲ್ಲಿರುವ ಯಾವ ಧರ್ಮಕೇಂದ್ರ ಎಂಬುದು ಮೊದಲ ಪತ್ರದಲ್ಲೇ ಸ್ಪಷ್ಟವಾಗಿರಬೇಕು. ಯಾವ ಧರ್ಮಪ್ರಾಂತ್ಯಕ್ಕೂ ಉತ್ತರ ಹೇಳಬೇಕಾಗಿಲ್ಲದ ಒಬ್ಬ ವ್ಯಕ್ತಿಯ ಸುತ್ತ ಕಟ್ಟಿದ ಸಂಬಂಧ ಆ ವ್ಯಕ್ತಿಯೊಡನೆಯೇ ಮುಗಿಯುತ್ತದೆ. ವಿಚಾರಣಾ ಗುರುಗಳಿಗೆ ವರ್ಗಾವಣೆಯಾದ ಮೇಲೂ ಉಳಿಯುವಂಥದ್ದೇ ನಿಜವಾದ ಸಹಭಾಗಿತ್ವ.

ಶ್ರೀರಂಗಪಟ್ಟಣದಿಂದ ಎರಡು ಪಾಠಗಳು

ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ 1649ರ ಹೊತ್ತಿಗೆ ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್‌ಗೆ ಅಡಿಪಾಯ ಹಾಕಿದರು. ಅವರು ಮಾಡಿದ ಮುಖ್ಯ ಕೆಲಸ ಕನ್ನಡ ಕಲಿತದ್ದು. ಕನ್ನಡದಲ್ಲಿ ಧರ್ಮೋಪದೇಶವನ್ನೂ ವ್ಯಾಕರಣವನ್ನೂ ಅವರು ಸಿದ್ಧಪಡಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಮುಂದೆ 1759ರಲ್ಲಿ ಪೋರ್ಚುಗಲ್ ತನ್ನ ನಾಡುಗಳಿಂದ ಯೇಸುಸಭೆಯನ್ನು ಹೊರಹಾಕಿತು. 1773ರಲ್ಲಿ ಪೋಪ್ 14ನೇ ಕ್ಲೆಮೆಂಟ್ ಆ ಸಭೆಯನ್ನೇ ವಿಸರ್ಜಿಸಿದರು. ಯುರೋಪಿನಲ್ಲಿ ಕೈಗೊಂಡ ತೀರ್ಮಾನಗಳಿಂದ ಕಾವೇರಿ ತೀರದ ಹಳ್ಳಿಗಳಿಗೆ ಗುರುಗಳೇ ವಿರಳವಾದರು. ಆ ದಿನಗಳಲ್ಲಿ ವಿಶ್ವಾಸ ಉಳಿದದ್ದು ಮನೆಮನೆಯ ಜಪ ಹೇಳಿಕೊಡುತ್ತಿದ್ದ ಸ್ಥಳೀಯರಿಂದ.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ನಮ್ಮ ಪೂರ್ವಜರು ಸೆರೆಯಾಗಿ ಘಟ್ಟ ಹತ್ತಿ ಹೋದದ್ದು ಇದೇ ಶ್ರೀರಂಗಪಟ್ಟಣಕ್ಕೆ. 1799ರವರೆಗಿನ ಆ ಸೆರೆವಾಸ ಕರಾವಳಿಯ ಕಥೋಲಿಕರನ್ನೂ ಮಂಡ್ಯದ ನೆಲವನ್ನೂ ನೋವಿನ ನಂಟಿನಲ್ಲಿ ಬೆಸೆದಿದೆ.

1799ರ ನಂತರ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಪ್ಯಾರಿಸ್ ವಿದೇಶ ಪ್ರೇಷಿತ ಸಂಸ್ಥೆಯ ಅಬ್ಬೆ ದ್ಯುಬುವಾ. ಜನ ಅವರನ್ನು "ದೊಡ್ಡಸ್ವಾಮಿಯವರು" ಎಂದು ಕರೆಯುತ್ತಿದ್ದರು. ನಮ್ಮವರಂತೆ ಉಡುಪು ತೊಟ್ಟು, ನಮ್ಮವರ ಊಟ ಉಂಡು ಬಾಳಿದರು. ಸಿಡುಬು ತಡೆಯಲು 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ರೈತ ಕುಟುಂಬಗಳನ್ನು ನೆಲೆಗೊಳಿಸಿದರು. ಶ್ರೀರಂಗಪಟ್ಟಣದ ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ.

ಆದರೆ ಇದೇ ದೊಡ್ಡಸ್ವಾಮಿಯವರು 1823ರಲ್ಲಿ ಸ್ವದೇಶಕ್ಕೆ ಮರಳಿದ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂಬ ಅರ್ಥದ ಮಾತುಗಳನ್ನು ಬರೆದರು. ಯಾರ ನಡುವೆ ಮೂರು ದಶಕ ಬಾಳಿದರೋ ಆ ಜನರಿಗೆ ಆ ಪುಸ್ತಕ ಓದುವ ಅವಕಾಶವಿರಲಿಲ್ಲ, ಉತ್ತರಿಸುವ ಅವಕಾಶವಂತೂ ಇರಲೇ ಇಲ್ಲ.

ಮೊದಲ ಪಾಠವೆಂದರೆ, ಹೊರಗಿನ ಆಸರೆ ಒಂದೇ ದಿನದಲ್ಲಿ ಕಡಿದು ಬೀಳಬಹುದು, ಸ್ಥಳೀಯ ನಾಯಕತ್ವ ಮಾತ್ರ ಉಳಿಯುತ್ತದೆ. ಎರಡನೆಯದು, ನಮ್ಮ ಕಥೆಯನ್ನು ಎಷ್ಟೇ ಪ್ರೀತಿಯುಳ್ಳ ಅತಿಥಿಯಾದರೂ ನಮ್ಮನ್ನು ಕೇಳದೆ ಹೇಳಬಾರದು.

ಧರ್ಮಸಭೆಯ ಮಾದರಿಗಳು

ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೇ ಅಧ್ಯಾಯಗಳು ಈ ವಿಷಯದ ಮೂಲ ಪಾಠ. ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಅವರು ಬಯಸಿದ್ದು ಸಮಾನತೆಯನ್ನು. ಯಾರೂ ಬೆರಳು ತೋರದಿರಲೆಂದು, ಸಭೆಗಳೇ ಆರಿಸಿದ ಪ್ರತಿನಿಧಿಯನ್ನೂ ಜೊತೆಗಿರಿಸಿಕೊಂಡರು.

ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲಿನ್ ಜಾರಿಕೊ ಎಂಬ ಯುವತಿ ಕಾರ್ಮಿಕರನ್ನು ಹತ್ತು ಹತ್ತು ಜನರ ಗುಂಪು ಮಾಡಿ ವಾರಕ್ಕೊಂದು ಬಿಡಿಗಾಸು ಕೂಡಿಸಿದರು. ಹನಿಗೂಡಿ ಹಳ್ಳವಾದಂತೆ 1822ರಲ್ಲಿ ವಿಶ್ವಾಸ ಪ್ರಸಾರ ಸಂಸ್ಥೆ ಹುಟ್ಟಿತು. 2022ರ ಮೇ 22ರಂದು ಅವರನ್ನು ಧನ್ಯರೆಂದು ಘೋಷಿಸಲಾಯಿತು. 1926ರಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದ ಹಿಂದಿನ ಭಾನುವಾರ ವಿಶ್ವ ಪ್ರೇಷಿತ ಭಾನುವಾರವಾಗಿದೆ. ಅಂದು ಮಳವಳ್ಳಿಯ ಕೂಲಿಕಾರ್ಮಿಕರು ಕಾಣಿಕೆ ಪೆಟ್ಟಿಗೆಗೆ ಹಾಕುವ ಹತ್ತು ರೂಪಾಯಿಯೂ ಜಗತ್ತಿನ ಯಾವುದೋ ಬಡ ಧರ್ಮಕೇಂದ್ರದ ಪಾಲಾಗುತ್ತದೆ. ಅಂದರೆ ನಾವು ಈಗಾಗಲೇ ಕೊಡುವವರ ಸಾಲಿನಲ್ಲಿದ್ದೇವೆ.

1954ರಲ್ಲಿ ಜರ್ಮನಿಯ ಕಲೋನ್ ಮತ್ತು ಜಪಾನಿನ ಟೋಕಿಯೊ ಮಹಾಧರ್ಮಪ್ರಾಂತ್ಯಗಳು ಸಹಭಾಗಿತ್ವಕ್ಕೆ ಕೈಜೋಡಿಸಿದವು. ಎರಡೂ ಯುದ್ಧದಲ್ಲಿ ನುಚ್ಚುನೂರಾಗಿದ್ದ ನಗರಗಳು. ಆರಂಭದಲ್ಲಿ ಕಲೋನ್ ನೆರವು ನೀಡಿತು. 25 ವರ್ಷ ತುಂಬಿದಾಗ, 1979ರಲ್ಲಿ, ಇಬ್ಬರೂ ಸೇರಿ ಮ್ಯಾನ್ಮಾರಿನ ಧರ್ಮಸಭೆಗೆ ನೆರವಾಗಲು ನಿರ್ಧರಿಸಿದರು. ಪಡೆದವರು ಕೊಡುವವರಾಗುವುದೇ ಸಹಭಾಗಿತ್ವ ಫಲಿಸಿದ್ದರ ಗುರುತು. 1957ರಲ್ಲಿ ಪೋಪ್ 12ನೇ ಪಿಯುಸ್ "ಫಿದೇಯಿ ದೋನುಮ್" ಪತ್ರದ ಮೂಲಕ ಗುರುಗಳನ್ನು ಬೇರೆ ಧರ್ಮಪ್ರಾಂತ್ಯಗಳಿಗೆ ಕಳುಹಿಸಲು ಕರೆಕೊಟ್ಟಾಗ ಅವರ ಕಣ್ಮುಂದಿದ್ದುದು ಆಫ್ರಿಕಾ. ಇಂದು ನಮ್ಮ ಗುರುಗಳೇ ಯುರೋಪಿನ ಧರ್ಮಕೇಂದ್ರಗಳನ್ನು ನಡೆಸುತ್ತಿದ್ದಾರೆ.

ಕಾನೂನಿನ ಚೌಕಟ್ಟು

ಹಣದ ಮಾತು ಬಂದಾಗ ಸದುದ್ದೇಶವಷ್ಟೇ ಸಾಲದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಮೊದಲು 1976ರಲ್ಲಿ ಬಂತು. ಅದರ ಬದಲಿಗೆ ಬಂದ 2010ರ ಕಾಯ್ದೆ 2011ರ ಮೇ 1ರಿಂದ ಜಾರಿಯಲ್ಲಿದ್ದು, 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಬಿಗಿಯಾದ ತಿದ್ದುಪಡಿಗಳಾದವು. ಪಾಲನಾ ಮಂಡಳಿಯ ಸದಸ್ಯರು ತಿಳಿದಿರಬೇಕಾದ ಮುಖ್ಯಾಂಶಗಳು ಇವು:

- ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಾಯಿತವಾದ ಅಥವಾ ಪೂರ್ವಾನುಮತಿ ಪಡೆದ ಸಂಸ್ಥೆ ಮಾತ್ರ ವಿದೇಶಿ ದೇಣಿಗೆ ಸ್ವೀಕರಿಸಬಹುದು.
- ನೋಂದಾಯಿತ ಸಂಸ್ಥೆಗೆ ಬರುವ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಧರ್ಮಕೇಂದ್ರದ ಸ್ಥಳೀಯ ಖಾತೆಗೆ ನೇರವಾಗಿ ತರಿಸಿಕೊಳ್ಳುವಂತಿಲ್ಲ.
- 2020ರ ತಿದ್ದುಪಡಿಯ ನಂತರ, ಪಡೆದ ಸಂಸ್ಥೆ ಆ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರಬಾರದು. ಈ ಮಿತಿ ಹಿಂದೆ ಶೇಕಡಾ 50 ಇತ್ತು.
- ಭೇಟಿಗೆ ಬಂದ ವಿದೇಶಿ ಪ್ರಜೆ ಸಂಸ್ಥೆಗೆ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ.
- ಭಾರತೀಯ ಪಾಸ್‌ಪೋರ್ಟ್ ಹೊಂದಿ ಕೊಲ್ಲಿಯಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ ಆಗುತ್ತದೆ.

ಅತಿಥಿಗಳ ವಿಷಯದಲ್ಲೂ ಎಚ್ಚರ ಬೇಕು. ಪ್ರವಾಸಿ ವೀಸಾದಲ್ಲಿ ಬಂದವರು ಬಲಿಪೂಜೆಯಲ್ಲಿ ಭಾಗವಹಿಸಬಹುದು. ಆದರೆ ಪ್ರಸಂಗ ನೀಡುವುದು, ಧರ್ಮಪ್ರಚಾರ ಮಾಡುವುದು ನಿಯಮಬಾಹಿರ. ಗುರುನಿವಾಸದಲ್ಲಿ ಅಥವಾ ಕಾನ್ವೆಂಟಿನಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ ವಿವರ ಸಲ್ಲಿಸಬೇಕು.

ಒಂದು ಧರ್ಮಕೇಂದ್ರದ ಅಜಾಗರೂಕತೆಯಿಂದ ಇಡೀ ಸಂಸ್ಥೆಯ ನೋಂದಣಿಗೇ ಸಂಚಕಾರ ಬರಬಹುದು. ಆಗ ನಿಲ್ಲುವುದು ದೇವಾಲಯದ ಗೋಡೆಯ ಬಣ್ಣವಲ್ಲ. ವೃದ್ಧಾಶ್ರಮದ ಊಟ, ಹಾಸ್ಟೆಲಿನ ಮಕ್ಕಳ ಓದು.

ಆರಂಭಿಸುವ ಬಗೆ

1. ಪಾಲನಾ ಮಂಡಳಿಯಲ್ಲಿ ಚರ್ಚಿಸಿ, ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಪಡೆಯಿರಿ. ಗುರುಗಳೊಡನೆ ಕನಿಷ್ಠ ಮೂವರು ಶ್ರೀಸಾಮಾನ್ಯರು, ಅವರಲ್ಲಿ ಮಹಿಳೆಯರೂ ಯುವಜನರೂ ಸೇರಿದಂತೆ, ಜವಾಬ್ದಾರಿ ಹೊರಲಿ.

2. ಮೊದಲ ವರ್ಷ ಹಣದ ಮಾತೇ ಬೇಡ. ಪ್ರತಿ ತಿಂಗಳ ಒಂದು ಭಾನುವಾರ ಎರಡೂ ಕಡೆ ಭಕ್ತಾದಿಗಳ ಪ್ರಾರ್ಥನೆಯಲ್ಲಿ ಪರಸ್ಪರರ ಹೆಸರು ಹೇಳಿ, ರೋಗಿಗಳಿಗಾಗಿ, ಅಗಲಿದವರಿಗಾಗಿ ಪ್ರಾರ್ಥಿಸಿ.

3. ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದು ಸಭೆಯಲ್ಲಿ ಓದಿ, ಆಮೇಲೆ ಅನುವಾದಿಸಿ. ಇಂಗ್ಲಿಷ್ ಬಲ್ಲವರೊಬ್ಬರೇ ಇಡೀ ಊರಿನ ಬಾಯಿಯಾಗುವುದು ಇದರಿಂದ ತಪ್ಪುತ್ತದೆ. ತಂದೆತಾಯಿಯರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ಕಳುಹಿಸಬೇಡಿ. ಹರಕು ಬಟ್ಟೆಯ ಮಗುವಿನ ಚಿತ್ರ ಹಣ ತರಬಹುದು, ಆದರೆ ಆ ಮಗು ನಾಳೆ ದೊಡ್ಡದಾಗಿ ಅದನ್ನು ನೋಡುತ್ತದೆ.

4. ನೇರ ಸಂವಾದಕ್ಕೆ ಸಮಯ ಹೊಂದಿಸಿಕೊಳ್ಳಿ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

5. ಯೋಜನೆ ಕೈಗೊಳ್ಳುವುದಾದರೆ ಅದರ ಲಾಭ ಯಾರಿಗೆಂದು ಮೊದಲು ಕೇಳಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಯಂತ್ರಗಳು ಬಂದದ್ದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ. ಧುಮುಕಿದ್ದು ನಮ್ಮ ಕಾವೇರಿ. ಆದರೆ ವಿದ್ಯುತ್ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ನಮ್ಮ ಯೋಜನೆಗಳ ಬೆಳಕು ಪಕ್ಕದ ಕೇರಿಗೆ, ಅನ್ಯಧರ್ಮೀಯ ನೆರೆಯವರಿಗೆ ತಲುಪುತ್ತದೆಯೇ?

6. ಯಾವುದೇ ನೆರವಿಗೆ ಮುಕ್ತಾಯದ ವರ್ಷವನ್ನು ಆರಂಭದಲ್ಲೇ ಗೊತ್ತುಮಾಡಿ, ಸ್ಥಳೀಯರ ಪಾಲನ್ನು ವರ್ಷವರ್ಷವೂ ಹೆಚ್ಚಿಸಿ. ಲೆಕ್ಕಪತ್ರವನ್ನು ದಾನಿಗಳಿಗೆ ಕಳುಹಿಸಿದಂತೆಯೇ ಧರ್ಮಕೇಂದ್ರದ ಸೂಚನಾ ಫಲಕದಲ್ಲೂ ಹಾಕಿ.

ನಾವೇನು ಕೊಡಬಲ್ಲೆವು?

ಯುರೋಪಿನ ಅನೇಕ ಧರ್ಮಕೇಂದ್ರಗಳು ಇಂದು ಬರಿದಾಗುತ್ತಿವೆ, ಹಲವು ವಿಲೀನಗೊಳ್ಳುತ್ತಿವೆ. ಬಹುಸಂಖ್ಯಾತರಾಗಿದ್ದವರು ಅಲ್ಪಸಂಖ್ಯಾತರಾಗಿ ಬಾಳುವುದನ್ನು ಕಲಿಯಬೇಕಾಗಿದೆ. ಅದನ್ನು ತಲೆಮಾರುಗಳಿಂದ ಬಲ್ಲವರು ಮಂಡ್ಯ ಸೀಮೆಯ ಕ್ರೈಸ್ತರು. ಊರಹಬ್ಬದಲ್ಲಿ ನೆರೆಯವರೊಡನೆ ನಿಲ್ಲುವುದು ಹೇಗೆ, ಗುರುಗಳಿಲ್ಲದ ಭಾನುವಾರ ಜನರೇ ಪ್ರಾರ್ಥನೆ ನಡೆಸುವುದು ಹೇಗೆ, ಮಳೆ ಕೈಕೊಟ್ಟ ವರ್ಷವೂ ಸುಗ್ಗಿಯ ಮೊದಲ ಪಾಲನ್ನು ದೇವರಿಗೆ ಅರ್ಪಿಸುವುದು ಹೇಗೆ, ಇವೆಲ್ಲ ಬೆಲೆ ಕಟ್ಟಲಾಗದ ಅರಿವು.

ಆದುದರಿಂದ "ನಿಮಗೆ ನಾವೇನು ಕೊಡಬಹುದು?" ಎಂದು ದೂರದ ಸಹೋದರರು ಕೇಳಿದಾಗ, "ನಮ್ಮಿಂದ ನಿಮಗೇನು ಬೇಕು?" ಎಂದು ನಾವೂ ಕೇಳುವ ಧೈರ್ಯ ತೋರಬೇಕು. ಆ ಎರಡು ಪ್ರಶ್ನೆಗಳಿಗೂ ಉತ್ತರ ದೊರೆತ ಮೇಲೆ ಸಹಿಗೆ ಕೂರೋಣ.