ಪೆಟ್ಟಿಗೆಗಿಂತ ಮೊದಲು ತಾರಸಿ

ನಮ್ಮ ಹ್ಯಾಮ್ ಬಳಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೆಟ್ಟುಗಳ ಚರಿತ್ರೆಯನ್ನೇ ಬರೆದುಬಿಡುತ್ತಾರೆ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಎಫ್‌ಎಂ ರಿಪೀಟರ್ ಬಂತು, ಈಗ ಡಿಎಂಆರ್, ಡಿ-ಸ್ಟಾರ್ ಎಂಬ ಡಿಜಿಟಲ್ ವಿಧಾನಗಳು. ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಆರಂಭವಾದ 1959ರಿಂದ ಇಂದಿನವರೆಗೆ ಹೀಗೊಂದು ಪಟ್ಟಿ ಮಾಡುವುದು ಸುಲಭ. ಆದರೆ ಕೇಂದ್ರವೊಂದು ಬಾಳುವುದೋ ಬೀಳುವುದೋ ಎಂಬುದನ್ನು ತೀರ್ಮಾನಿಸಿದ್ದು ಬಹುಪಾಲು ಸೆಟ್ಟಿನ ಹೊರಗಿನ ಸಾಮಾನು: ಆಂಟೆನಾ, ಕೇಬಲ್, ಅರ್ತಿಂಗ್, ಬ್ಯಾಟರಿ. ಇದಕ್ಕೆ ಒಳ್ಳೆಯ ಸಾಕ್ಷಿ ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಏರಿ ಹೋದ ಈ 42.5 ಕಿಲೋ ತೂಕದ ಇಸ್ರೋ ಉಪಗ್ರಹ ಹವ್ಯಾಸಿಗಳಿಗೆಂದೇ ಎರಡು ಟ್ರಾನ್ಸ್‌ಪಾಂಡರ್ ಹೊತ್ತಿತ್ತು. ಒಂದನ್ನು ನಮ್ಮವರು, ಇನ್ನೊಂದನ್ನು ಡಚ್ ವಿದ್ಯಾರ್ಥಿಯೊಬ್ಬ ಮಾಡಿದ್ದು. ಒಂಬತ್ತು ವರ್ಷ ದುಡಿದು 2014ರ ಜುಲೈನಲ್ಲಿ ಅದು ಸುಮ್ಮನಾಯಿತು. ಕೈಕೊಟ್ಟದ್ದು ಬ್ಯಾಟರಿ.

ಈಗ ಜಯನಗರದಲ್ಲೋ ಬನಶಂಕರಿಯಲ್ಲೋ ಡಿಜಿಟಲ್ ಕೇಂದ್ರ ಹೂಡಲು ಹೊರಟವರ ಲೆಕ್ಕ ನೋಡಿ. ಹಣದ ದೊಡ್ಡ ಪಾಲು ಸೆಟ್ಟಿಗೆ, ಉಳಿದ ಚಿಲ್ಲರೆ ಎಸ್‌ಪಿ ರಸ್ತೆಯ ಅಗ್ಗದ ಕೇಬಲ್ಲಿಗೆ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ಪಕ್ಕದ ಆಂಟೆನಾದಿಂದ ನೆಲಮಹಡಿಯ ಕೋಣೆಗೆ 30 ಮೀಟರ್ ಆರ್‌ಜಿ-58 ಇಳಿಸಿದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬೆಲ್ ನಷ್ಟ. ಅಂದರೆ 50 ವ್ಯಾಟಿನಲ್ಲಿ ಆಂಟೆನಾ ತಲುಪುವುದು ಹನ್ನೆರಡು ಚಿಲ್ಲರೆ ವ್ಯಾಟ್. 435 ಮೆಗಾಹರ್ಟ್ಸ್‌ನಲ್ಲಂತೂ ಹತ್ತರಲ್ಲೊಂದು ಪಾಲೂ ಕಷ್ಟ. ಉಳಿದದ್ದು ಕೇಬಲ್ ಬಿಸಿ ಮಾಡಲು. ಹಳೆಯ ಎಫ್‌ಎಂನಲ್ಲಿ ಇಂಥ ನಷ್ಟ ಗೊರಗೊರ ಸದ್ದಾಗಿ ಕೇಳಿಸುತ್ತಿತ್ತು, ಕಿವಿ ಪಳಗಿದವರು ಆ ಗದ್ದಲದಲ್ಲೇ ಮಾತು ಹಿಡಿಯುತ್ತಿದ್ದರು. ಡಿಜಿಟಲ್‌ನಲ್ಲಿ ಆ ಸೂಚನೆಯೇ ಇಲ್ಲ. ಕೊನೆಯ ಅಂಚಿನವರೆಗೂ ಸ್ವಚ್ಛ ದನಿ, ಅಂಚು ದಾಟಿದೊಡನೆ ಮೌನ. ಹಾಗಾಗಿ ಕಳಪೆ ಕೇಬಲ್ಲನ್ನು ಡಿಜಿಟಲ್ ಕೇಂದ್ರ ಕ್ಷಮಿಸುವುದಿಲ್ಲ. ಅರ್ತಿಂಗಿನ ಮಾತೂ ಅಷ್ಟೇ: ಏಪ್ರಿಲ್-ಮೇ ತಿಂಗಳ ಸಿಡಿಲುಮಳೆಗೆ ಸೆಟ್ಟಿನ ಬ್ರ್ಯಾಂಡ್ ಯಾವುದಾದರೇನು?

ಇದು ಹಳಬರ ಹಟ ಎನ್ನುವವರಿದ್ದಾರೆ. ಅವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಡಿಎಂಆರ್ 12.5 ಕಿಲೋಹರ್ಟ್ಸ್‌ನಲ್ಲಿ ಎರಡು ಸಂಭಾಷಣೆ ನಡೆಸಬಲ್ಲದು. ಕರೆಯೊಡನೆ ಸ್ಥಳದ ಮಾಹಿತಿಯನ್ನೂ ಕಳಿಸಬಲ್ಲದು. ಕೋಡ್ ಬರೆಯುವ ಬಿಟಿಎಂ ಲೇಔಟಿನ ಹುಡುಗ ಹುಡುಗಿಯರಿಗೆ ಮೋರ್ಸ್‌ಗಿಂತ ಇದು ಹತ್ತಿರದ ಆಟ. ರಾಸ್ಪ್‌ಬೆರಿ ಪೈ ಮೇಲೆ ಪುಟ್ಟ ಹಾಟ್‌ಸ್ಪಾಟ್ ಕೂರಿಸಿದರೆ ಪಕ್ಕದ ಖಂಡವೇ ಮಾತಿಗೆ ಸಿಗುತ್ತದೆ. ಸಿಗಲಿ, ಸಂತೋಷವೇ. ಆದರೆ ಆ ಮಾತು ಸಾಗುವುದು ಮನೆಯ ಬ್ರಾಡ್‌ಬ್ಯಾಂಡಿನಲ್ಲಿ. ನೆರೆಗೋ ಬಿರುಗಾಳಿಗೋ ಬೆಸ್ಕಾಂ ಕರೆಂಟು, ಫೈಬರ್ ಎರಡೂ ಹೋದ ರಾತ್ರಿಯಲ್ಲಿ ಹಾಟ್‌ಸ್ಪಾಟ್ ಬರಿ ಡಬ್ಬಿ, ಹ್ಯಾಮ್ ನೆರವು ಬೇಕಾಗುವುದು ಆಗಲೇ. ಇದೇ ಬಡಾವಣೆಗಳ ನಡುವೆ 2017ರಿಂದ ಓಡುತ್ತಿರುವ ನಮ್ಮ ಮೆಟ್ರೋ ಹಸಿರು ಮಾರ್ಗದ ಸಿಬ್ಬಂದಿ ಬಳಸುವುದು ಟೆಟ್ರಾ ಎಂಬ ಡಿಜಿಟಲ್ ವ್ಯವಸ್ಥೆ. 25 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಹಾದಿ, ನಿಯಂತ್ರಣ ಕೊಠಡಿ ಎಲ್ಲ ಇರುವ ಅದರಲ್ಲೂ ಬೇಸ್ ಸ್ಟೇಷನ್ ಇಲ್ಲದೆ ವಾಕಿಟಾಕಿಯಿಂದ ವಾಕಿಟಾಕಿಗೆ ನೇರ ಮಾತಾಡುವ ವಿಧಾನವನ್ನು ಮಾನಕದಲ್ಲೇ ಸೇರಿಸಿದ್ದಾರೆ. ಡಿಜಿಟಲ್ ಬಲ್ಲವರೇ ಇಟ್ಟುಕೊಂಡ ಈ ಹಿತ್ತಲ ಬಾಗಿಲನ್ನು ನಾವು ಹಳತೆಂದು ಮುಚ್ಚುವುದು ಜಾಣತನವಲ್ಲ.

ಆದ್ದರಿಂದ ಕ್ಲಬ್ಬುಗಳ ಖರೀದಿಯ ಕ್ರಮ ತಲೆಕೆಳಗಾಗಬೇಕು. ಮೊದಲು ಆಂಟೆನಾ ಮತ್ತು ದಪ್ಪ ಕೇಬಲ್, ಆಮೇಲೆ ಅರ್ತಿಂಗ್ ಹಾಗೂ ಸಿಡಿಲುತಡೆ, ಅನಂತರ 13.8 ವೋಲ್ಟ್ ಪವರ್ ಸಪ್ಲೈ ಜೊತೆ 100 ಆಂಪಿಯರ್-ಅವರ್ ಬ್ಯಾಟರಿ. 50 ವ್ಯಾಟ್ ಸೆಟ್ಟು ಮಾತಾಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಕೇಳುವಾಗ ಒಂದಕ್ಕಿಂತ ಕಡಿಮೆ. ಮಾತು ಮಿತವಾಗಿದ್ದರೆ ಒಂದು ರಾತ್ರಿ ಆರಾಮಾಗಿ ಕಳೆಯುತ್ತದೆ. ಎಫ್‌ಎಂ, ಡಿಜಿಟಲ್ ಎರಡೂ ಬಲ್ಲ ಸೆಟ್ಟು ಕೊನೆಗೆ ಬರಲಿ. ಜೆಪಿ ನಗರದ ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್ ಒಪ್ಪುವುದಿಲ್ಲ ಎಂಬ ಆಕ್ಷೇಪ ಉಳಿಯಿತು. ಎರಡು ಮೀಟರ್ ಬ್ಯಾಂಡಿನ ಕಾಲು ತರಂಗದ ಆಂಟೆನಾ ಅರ್ಧ ಮೀಟರ್ ಉದ್ದದ ಕಡ್ಡಿ. ತಾರಸಿಯ ಡಿಶ್‌ಗಳ ನಡುವೆ ಅದು ಕಣ್ಣಿಗೂ ಬೀಳುವುದಿಲ್ಲ. ಸಭೆಯಲ್ಲಿ ಲೈಸೆನ್ಸ್ ಪ್ರತಿ ಮುಂದಿಟ್ಟು, ಅಳತೆ ಹೇಳಿ ಕೇಳಿದರೆ ಒಪ್ಪಿಗೆ ದೊರೆಯುವ ಸಂಭವ ಹೆಚ್ಚು.