ಬಳ್ಳಾರಿ ಸೀಮೆಯಲ್ಲಿ ಕ್ರೈಸ್ತ ಗ್ರಂಥವೂ ಗೀತವೂ

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ದೇವರ ಮಾತು ಜನರಿಗೆ ಬಹುಕಾಲ ಕಿವಿಯ ಮೂಲಕವೇ ಬರುತ್ತಿದ್ದಿತು. ವಚನ, ದಾಸರ ಪದ, ತತ್ತ್ವಪದಗಳನ್ನು ಹೊಸಹಳ್ಳಿಯಂಥ ಊರುಗಳ ಒಕ್ಕಲಿಗನು ಓದಿ ಅರಿತವನಲ್ಲ, ಕೇಳಿ ಅರಿತವನು. ಮೈಲಾರದ ಕಾರಣಿಕವಂತೂ ಇಂದಿಗೂ ಕೇಳಬೇಕಾದ ಮಾತೇ. ಇಂಥ ನಾಡಿಗೆ ಮಿಶನರಿಗಳು ಬಂದದ್ದು ಅಚ್ಚಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಎಂಬುದು ಗಮನಿಸತಕ್ಕ ಸಂಗತಿಯಾಗಿದೆ.

1800ರಲ್ಲಿ ನಿಜಾಮನು ಬಳ್ಳಾರಿ ಪ್ರಾಂತವನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯು ಬಳ್ಳಾರಿಗೆ ಬಂದನು. ಆಗ ಕನ್ನಡಕ್ಕೆ ಅಚ್ಚಾದ ವ್ಯಾಕರಣವಿಲ್ಲ, ನಿಘಂಟುವಿಲ್ಲ. ಕೇರಿಯ ವ್ಯಾಕರಣವೂ ಹೊರಬಿದ್ದದ್ದು 1817ರಲ್ಲಿ. ಪಂಡಿತರ ಬಾಯಿಂದ ಮಾತನ್ನು ಕಲಿಯುತ್ತ, ಕಲಿತಷ್ಟನ್ನು ಭಾಷಾಂತರಕ್ಕೆ ಹಚ್ಚುತ್ತ ಅವನು ಇಪ್ಪತ್ತು ವರ್ಷ ದುಡಿದನು. 1831ರ ವೇಳೆಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಬಂದಿತು. ಅವನ ಜೊತೆಗಾರನಾದ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದನು. ಕಿಟೆಲರ ಕೀರ್ತಿಯ ನೆರಳಿನಲ್ಲಿ ರೀವನ ಹೆಸರು ಮರೆಯಾದದ್ದು ನ್ಯಾಯವಲ್ಲ.

ಆದರೆ ಉಣಬಡಿಸಿದ್ದೆಲ್ಲ ಹಸಿದವನ ಹೊಟ್ಟೆಗೆ ಹೋಗುವುದಿಲ್ಲ. ಅಕ್ಷರ ಬಲ್ಲವರು ಅಂದು ಊರಿಗೆ ನಾಲ್ಕಾರು ಮಂದಿ. ಅವರಿಗೂ ಷಟ್ಪದಿಯ ಲಯಕ್ಕೆ ಪಳಗಿದ ಕಿವಿಗೆ ಭಾಷಾಂತರದ ಗದ್ಯವು ಒರಟಾಗಿ ಕೇಳಿಸಿದ್ದರೆ ಸೋಜಿಗವಿಲ್ಲ. ಮಿಶನರಿಗಳು ಹಂಚುತ್ತಿದ್ದ ಕಿರುಹೊತ್ತಗೆಗಳಲ್ಲಿ ಕೆಲವು ಈ ನೆಲದ ದೇವರುಗಳನ್ನು ಹಳಿಯುವುದಕ್ಕಾಗಿಯೇ ಹುಟ್ಟಿದವು. ಅನ್ನ ಬೇಡಿದವನಿಗೆ ಅವನ ತಾಯಿಯ ಅಡಿಗೆಯನ್ನು ನಿಂದಿಸಿ ತೋರಿಸಿದರೆ ಹಸಿವು ಹಿಂಗೀತೇ?

ಹಾಡಿನಲ್ಲಿಯೂ ಮೊದಲು ತೊಡಕೇ. ಪಶ್ಚಿಮದ ಸ್ತೋತ್ರಗೀತಗಳು ಪದಗಳ ಒತ್ತಿನ ಮೇಲೆ ನಿಂತವು. ಕನ್ನಡದ ಪದ್ಯವು ಲಘು-ಗುರುಗಳ ಅಳತೆಯ ಮೇಲೆ ನಿಂತದ್ದು. ಪರದೇಶದ ರಾಗವು ಎಲ್ಲಿ ಎಳೆಯುತ್ತದೆಯೋ ಅಲ್ಲಿ ಕನ್ನಡದ ಹ್ರಸ್ವಾಕ್ಷರ ಬಿದ್ದರೆ ಹಾಡುವವನು ಅದನ್ನು ದೀರ್ಘಮಾಡಲೇಬೇಕು; ಆಗ 'ಬಲೆ' ಎಂಬುದು 'ಬಾಲೆ'ಯಾಗುತ್ತದೆ, 'ಮರ'ವು 'ಮಾರ'ನಾಗುತ್ತದೆ. ಬೆಸ್ತನಾದ ಶಿಷ್ಯನು ಬಲೆಯನ್ನು ಬಿಟ್ಟು ಹೋದನೆಂಬ ಕಥೆಯನ್ನು ಹೀಗೆ ಹಾಡಿದರೆ ಕೇಳಿದವರು ಏನೆಂದುಕೊಂಡಾರು! ಭಕ್ತಿಗೀತದಲ್ಲಿ ಇದು ಸಣ್ಣ ದೋಷವಲ್ಲ. ಹಾಡು ಬಾಯಿಗೆ ಬಂದೀತು, ಎದೆಗಿಳಿಯದು.

ಈ ತೊಡಕನ್ನು ಬಿಡಿಸುವ ದಾರಿ ತೆರೆದದ್ದು ಬಳ್ಳಾರಿಯಿಂದ ದೂರದ ಮಂಗಳೂರಿನಲ್ಲಿ. 1834ರಲ್ಲಿ ಅಲ್ಲಿಗೆ ಬಂದಿಳಿದ ಬಾಸೆಲ್ ಮಿಶನ್ನು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತು. ಆ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳನ್ನೇ ಸಂಗ್ರಹಿಸಿ ಅಚ್ಚುಹಾಕಿಸಿದರು. ಜನರ ಮಾತನ್ನೂ ಮನಸ್ಸನ್ನೂ ಅರಿಯದೆ ಅವರಿಗೆ ಏನನ್ನೂ ಹೇಳಲಾಗದೆಂದು ಅವರು ಕಂಡುಕೊಂಡಿದ್ದರು. ಪುರಂದರದಾಸರ ಕೀರ್ತನೆಗಳು ಅಚ್ಚಿನ ಮೊಳೆಗಳನ್ನು ಕಂಡುದು ಪಾದ್ರಿಯೊಬ್ಬನ ಕೈಯಿಂದ! ಫರ್ಡಿನೆಂಡ್ ಕಿಟೆಲರು ಒಂದು ಹೆಜ್ಜೆ ಮುಂದೆ ನಡೆದು, 1862ರ ತಮ್ಮ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೇ ಇಳಿಸಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದವರೂ ಅವರೇ. ಲಘು-ಗುರುಗಳ ಲೆಕ್ಕವನ್ನು ಅವರು ಬಲ್ಲಷ್ಟು ಬಲ್ಲ ಪರದೇಶದವರು ವಿರಳ. ಕನ್ನಡ ಬೈಬಲಿನಲ್ಲಿ ದಾವೀದನ ಹಾಡುಗಳಿಗೆ 'ಕೀರ್ತನೆಗಳು' ಎಂಬ ದಾಸರ ಹೆಸರೇ ನಿಂತಿರುವುದು ಇದೇ ನಡೆಯ ಮಾತು. ಕೊಳುಕೊಡೆ ಒಂದೇ ಕಡೆಯದೂ ಅಲ್ಲ: ಯೂರೋಪಿನಿಂದ ಬಂದ ಹಾರ್ಮೋನಿಯಂ ಇಂದು ಮಠದ ಭಜನೆಯಲ್ಲಿಯೂ ದನಿಗೂಡಿಸುತ್ತಿದೆ.

ಈ ಕಥೆಯು ಮತ್ತೆ ಹಡಗಲಿಯ ಸೀಮೆಗೆ ತಿರುಗುವುದು ಉತ್ತಂಗಿ ಚನ್ನಪ್ಪನವರ ಮೂಲಕ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆತನದ ಹೆಸರು ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ್ದು, ಪೂರ್ವಿಕರು ವೀರಶೈವರು. ಮಂಗಳೂರಿನಲ್ಲಿ ದೈವಜ್ಞಾನವನ್ನು ಓದಿ ಬಾಸೆಲ್ ಮಿಶನ್ನಿನ ಬೋಧಕರಾದ ಅವರು ಹೊರಗಿನಿಂದ ತಂದ ಗ್ರಂಥವನ್ನಷ್ಟೇ ನೆಚ್ಚಿ ಕೂಡಲಿಲ್ಲ. ಹಳ್ಳಿಗರ ಬಾಯಲ್ಲಿಯೂ ಓಲೆಗರಿಗಳಲ್ಲಿಯೂ ಚೆದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಆಯ್ದು, ಪಾಠಗಳನ್ನು ಹೋಲಿಸಿ, 1924ರಲ್ಲಿ ಪ್ರಕಟಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂದು ಅವರು ತಮ್ಮ ಒಂದು ಕೃತಿಗೆ ಹೆಸರಿಟ್ಟರು, ಅಪ್ಪಣೆಯೆನ್ನಲಿಲ್ಲ, ವಿನಂತಿಯೆಂದರು. ಹ್ಯಾಂಡ್ಸನ ಕಾಲದಿಂದ ಆ ಒಂದು ಪದದವರೆಗೆ ನಡೆದ ದಾರಿ ನೂರು ವರ್ಷಗಳದು. ತಮ್ಮವರಲ್ಲಿಯೇ ಕೆಲವರಿಗೆ ಈ ಮೆದುವು ಹಿಡಿಸದಿದ್ದರೂ ಸಹಜವೇ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಬರಮಾಡಿಕೊಂಡಿತು. ಆಮೇಲೆಯೂ, 1962ರಲ್ಲಿ ತೀರಿಕೊಳ್ಳುವ ತನಕ, ಕ್ರಿಸ್ತನ ಆ ಬೋಧಕರ ಮೇಜಿನ ಮೇಲೆ ಬೈಬಲಿನ ಜೊತೆಗೆ ಶರಣರ ವಚನಗಳಿಗೂ ಎಡೆಯಿದ್ದಿತು.