ಫೈರ್‌ವಾಲ್‌ನಲ್ಲಿ ಸಂಪರ್ಕಸ್ಥಿತಿ

ತನ್ನ ಮೂಲಕ ಹಾದುಹೋಗುವ ಪ್ರತಿ ಸಂಪರ್ಕ ಯಾವ ಹಂತದಲ್ಲಿದೆ ಎಂದು ಫೈರ್‌ವಾಲ್ ಇಟ್ಟುಕೊಳ್ಳುವ ದಾಖಲೆ. 1990ರ ದಶಕದಲ್ಲಿ ಚೆಕ್ ಪಾಯಿಂಟ್ ಕಂಪನಿ ಈ ವಿಧಾನವನ್ನು ಬಳಕೆಗೆ ತಂದಿತು. 2001ರಲ್ಲಿ ಲಿನಕ್ಸ್ 2.4 ಕರ್ನೆಲ್‌ನ ನೆಟ್‌ಫಿಲ್ಟರ್ ಅದನ್ನು ಎಲ್ಲರ ಕೈಗೂ ಸಿಗುವಂತೆ ಮಾಡಿತು. ಇಲ್ಲಿನ ವಿವರಣೆ ನೆಟ್‌ಫಿಲ್ಟರ್‌ನದು.

ಸಂಪರ್ಕ ಒಳಬಂದದ್ದೋ ಹೊರಹೋದದ್ದೋ ಎಂಬುದನ್ನು ಮೊದಲ ಪ್ಯಾಕೆಟ್ ನಿರ್ಧರಿಸುತ್ತದೆ. ಒಳಗಿನ ಕಂಪ್ಯೂಟರ್ ಹೊರಗಿನ ಜಾಲತಾಣವನ್ನು ತೆರೆದರೆ, ಅಲ್ಲಿಂದ ಎಷ್ಟೇ ದತ್ತಾಂಶ ಇಳಿದುಬಂದರೂ ಅದು ಹೊರಹೋದ ಸಂಪರ್ಕವೇ. ದಾಖಲೆಯ ಪ್ರತಿ ಸಾಲಿನಲ್ಲೂ ಎರಡು ಭಾಗ: ಹೊರಟ ದಿಕ್ಕು, ಉತ್ತರ ಬರಬೇಕಾದ ದಿಕ್ಕು. ಮೊದಲ ಭಾಗದಲ್ಲಿ 192.168.1.20ರಿಂದ 203.0.113.5ಕ್ಕೆ ಎಂದಿದ್ದು, ಎರಡನೆಯದರಲ್ಲಿ 203.0.113.5ರಿಂದ 198.51.100.7ಕ್ಕೆ ಎಂದಿದ್ದರೆ, ಫೈರ್‌ವಾಲ್ ಒಳಗಿನ ವಿಳಾಸವನ್ನು ಬದಲಿಸಿ ಕಳಿಸಿದೆ ಎಂದು ತಿಳಿಯಬೇಕು.

ದಿಕ್ಕು ತಿಳಿಯದೆ ಸ್ಥಿತಿಯನ್ನು ಓದಿದರೆ ತಪ್ಪು ಕಡೆ ಹುಡುಕುತ್ತೇವೆ. ‘ಸಿನ್-ಸೆಂಟ್, ಅನ್‌ರಿಪ್ಲೈಡ್’ ಎಂದರೆ ಸಿನ್ ಎಂಬ ಸಂಪರ್ಕ ಕೋರಿಕೆಗೆ ಉತ್ತರ ಕಂಡಿಲ್ಲ. ಹೊರಹೋದ ಸಂಪರ್ಕದಲ್ಲಿ ದೋಷ ಹೆಚ್ಚಾಗಿ ಆಚೆ ಬದಿಯದು ಅಥವಾ ನಡುದಾರಿಯದು. ಒಳಬಂದದ್ದರಲ್ಲಿ ನಮ್ಮದೇ ಸರ್ವರ್‌ನದು. ಫೈರ್‌ವಾಲ್ ತಾನೇ ತಡೆದ ಮೊದಲ ಪ್ಯಾಕೆಟ್ ಈ ದಾಖಲೆಗೆ ಸೇರುವುದೇ ಇಲ್ಲ. ಹಾಗಾಗಿ ಸಾಲು ಕಂಡಿತೆಂದರೆ ನಿಯಮಗಳು ದಾರಿ ಬಿಟ್ಟಿವೆ. ಅವನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರಬೇಕಿಲ್ಲ. ಒಂದೇ ಒಳಯಂತ್ರದಿಂದ ನೂರಾರು ಅಪರಿಚಿತ ವಿಳಾಸಗಳಿಗೆ ಇಂಥ ಸಾಲುಗಳಿದ್ದರೆ ಆ ಯಂತ್ರವನ್ನು ಕೂಡಲೇ ಪರೀಕ್ಷಿಸಬೇಕು, ಕುತಂತ್ರಾಂಶ ಹೊಕ್ಕಿರಬಹುದು.

‘ಸಿನ್-ರಿಸೀವ್ಡ್’ನಲ್ಲಿ ಕೋರಿಕೆಗೆ ಉತ್ತರ ಹೋಗಿದೆ, ಅದನ್ನು ಒಪ್ಪುವ ಮೂರನೆಯ ಪ್ಯಾಕೆಟ್ ಬಂದಿಲ್ಲ. ಒಳಬರುವ ಕಡೆ ಇವು ರಾಶಿ ಬಿದ್ದರೆ ಸಿನ್ ಪ್ರವಾಹದ ದಾಳಿಯನ್ನು ಶಂಕಿಸಬೇಕು. 1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಅಂತರ್ಜಾಲ ಸೇವೆಯನ್ನು ಕೆಡವಿದ್ದು ಇಂಥದೇ ದಾಳಿ.

‘ಎಸ್ಟಾಬ್ಲಿಷ್ಡ್’ ಪದಕ್ಕೆ ಎರಡು ಬಳಕೆಗಳಿವೆ. ನಿಯಮಗಳಲ್ಲಿ ಎರಡೂ ದಿಕ್ಕಿನ ಪ್ಯಾಕೆಟ್ ಕಂಡರೆ ಸಾಕು. ಟಿಸಿಪಿ ಸ್ಥಿತಿಯಾಗಬೇಕಾದರೆ ಕೋರಿಕೆ, ಉತ್ತರ, ಒಪ್ಪಿಗೆ ಎಂಬ ಮೂರು ಹೆಜ್ಜೆಗಳ ಹಸ್ತಲಾಘವ ಮುಗಿದಿರಬೇಕು. ಸಂಚಾರವಿಲ್ಲದಿದ್ದರೂ ಇಂಥ ಟಿಸಿಪಿ ಸಾಲು ಪೂರ್ವನಿಯೋಜಿತವಾಗಿ 4,32,000 ಸೆಕೆಂಡು, ಅಂದರೆ 5 ದಿನ, ಉಳಿಯುತ್ತದೆ. ಆದ್ದರಿಂದ ಸಾಲು ಇದ್ದಮಾತ್ರಕ್ಕೆ ಆಚೆಯ ಯಂತ್ರ ಈಗಲೂ ಚಾಲೂ ಇದೆ ಎನ್ನಲಾಗದು. ‘ಟೈಮ್-ವೇಟ್’ ದೋಷವಲ್ಲ, ಸರಿಯಾಗಿ ಮುಗಿದ ಸಂಪರ್ಕದ ಕೊನೆಯ ಹಂತ.

ಯುಡಿಪಿಯಲ್ಲಿ ಹಸ್ತಲಾಘವವೇ ಇಲ್ಲ. ಫೈರ್‌ವಾಲ್ ಕಾಲಾವಧಿಯನ್ನಷ್ಟೇ ನೆಚ್ಚುತ್ತದೆ: ಉತ್ತರ ಕಾಣದ ಸಾಲನ್ನು 30 ಸೆಕೆಂಡಿಗೆ ಅಳಿಸುತ್ತದೆ. ಅನಂತರ ಬಂದ ಉತ್ತರವನ್ನು ಹೊಸದಾಗಿ ಒಳಬಂದ ಸಂಪರ್ಕವೆಂದೇ ಎಣಿಸುತ್ತದೆ.